ಚೆನ್ನಾಗಿದೀನಲ್ಲ, ಗುಳಿಗೆ ಯಾಕೆ?

ಮೆಡಿಕಲ್ ಶಾಪಿನ ಗಲ್ಲಾದಲ್ಲಿ ಕೂತವರಿಗೆ ಊರಿನ ಆರೋಗ್ಯ ಬೇರೆಯದೇ ರೀತಿಯಲ್ಲಿ ಗೊತ್ತಾಗುತ್ತದೆ. ಡಾಕ್ಟರಿಗೆ ಬಂದವರಷ್ಟೇ ಕಾಣ್ತಾರೆ. ನಮಗೆ ಬರದೇ ಹೋದವರೂ ಕಾಣ್ತಾರೆ. ಬಿಪಿ ಗುಳಿಗೆಯ ಹತ್ತರ ಸ್ಟ್ರಿಪ್ ಮೂರು ಒಯ್ದವರು ಮುಂದಿನ ತಿಂಗಳು ಅದೇ ತಾರೀಕಿನ ಆಸುಪಾಸು ಮತ್ತೆ ಬರಬೇಕು ತಾನೆ? ಬರಲ್ಲ. ಕೆಲವರು ಒಂದೂವರೆ ತಿಂಗಳಿಗೆ ಬರ್ತಾರೆ, ಕೆಲವರು ಎರಡು ತಿಂಗಳಿಗೆ. ಇನ್ನು ಕೆಲವರು ಗುಳಿಗೆಗೆ ಬರೋದೇ ಇಲ್ಲ, ಕೆಮ್ಮಿನ ಸಿರಪ್ಪಿಗೆ ಬಂದಾಗ ಸಿಗ್ತಾರೆ. "ಯಾಕ್ರೀ, ಬಿಪಿದು ಖಾಲಿ ಆಗ್ಲಿಲ್ವಾ?" ಅಂದರೆ, "ಇನ್ನೂ ಅದಾವ್ರೀ ಮನ್ಯಾಗೆ" ಅಂತಾರೆ. ಇರಬಾರದು. ಇದ್ದರೆ ನುಂಗಿಲ್ಲ ಅಂತಲೇ ಲೆಕ್ಕ.

ನಮ್ಮ ಅಂಗಡಿ ಇರೋದು ದಾವಣಗೆರೆಯ ಹಳೇ ಊರಿನ ಕಡೆ. ನಾನೂ ನಮ್ಮ ಯಜಮಾನರೂ ಇಬ್ಬರೂ ಡಿ.ಫಾರ್ಮಾ ಓದಿದವರು. ಮದುವೆಯಾದಾಗಿನಿಂದ ಈ ಕೌಂಟರಿನ ಹಿಂದೆಯೇ ಇದ್ದೇವೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋರು, ಆಟೋದವರು, ಹೂ ಮಾರೋರು, ಮೇಷ್ಟ್ರುಗಳು, ರಿಟೈರ್ ಆದವರು, ಎಲ್ಲರೂ ಬರ್ತಾರೆ. ಬಿಪಿ ಜಾಸ್ತಿಯಾದರೆ ಏನಾಗುತ್ತೆ ಅಂತ ಇವರಲ್ಲಿ ಯಾರಿಗೂ ನಾನು ಪಾಠ ಹೇಳಬೇಕಾಗಿಲ್ಲ. ಲಕ್ವಾ ಹೊಡಿಯುತ್ತೆ, ಹಾರ್ಟು ಹಿಡಿಯುತ್ತೆ, ಕಿಡ್ನಿ ಹೋಗುತ್ತೆ ಅಂತ ಅವರೇ ನನಗೆ ಹೇಳ್ತಾರೆ. ಗೊತ್ತಿದೆ, ಆದರೂ ನುಂಗಲ್ಲ. ಹಾಗಾದರೆ ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಏನಿದೆ?

ಈ ಪ್ರಶ್ನೆ ಅಂಗಡಿಯದ್ದಷ್ಟೇ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಹರಿಹರದ ನಮ್ಮ ತವರು ಮನೆಯದ್ದೂ ಆಗಿತ್ತು.

ತಲೆ ತಿರುಗಿದರೆ ಮಾತ್ರ ಬಿಪಿ

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರ್. ಬಸ್ಸು ಹತ್ತಿ ಒಂದು ಕಣ್ಣು ಮುಚ್ಚಿ ತೆಗೆಯೋದರೊಳಗೆ ಊರು. ಅಲ್ಲಿ ನಮ್ಮ ಅಪ್ಪಾಜಿ, ಅವ್ವ, ತಮ್ಮನ ಸಂಸಾರ. ಅಪ್ಪಾಜಿಗೆ ಎಪ್ಪತ್ತು ದಾಟಿದೆ. ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಬೆಳಗಾದರೆ ಹೊಳೆ ಕಡೆ ನಡೆದು, ಹರಿಹರೇಶ್ವರನಿಗೆ ಕೈಮುಗಿದು ಮನೆಗೆ ಬರೋದು ಇಪ್ಪತ್ತು ವರ್ಷದ ರೂಢಿ. ಬಿಪಿ ಇದೆ ಅಂತ ಗೊತ್ತಾಗಿದ್ದು ಕಣ್ಣಿನ ಆಪರೇಷನ್‌ಗೆ ಹೋದಾಗ. 170ಕ್ಕೆ 100 ಇತ್ತು. ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಅಪ್ಪಾಜಿ ಕಣ್ಣಿನ ಪಟ್ಟಿ ಬಿಚ್ಚೋವರೆಗೂ ನಿಯತ್ತಾಗಿ ತಗೊಂಡರು. ಆಮೇಲೆ ಅವರದು ಒಂದೇ ಮಾತು:

"ಹೊಳೆ ಮೆಟ್ಲು ಹತ್ತಿ ಇಳಿತೀನಿ, ರೊಟ್ಟಿ ಊಟ ಮಾಡ್ತೀನಿ, ನಿದ್ದೆ ಬರ್ತೈತೆ. ಚೆನ್ನಾಗಿದೀನಲ್ಲವ್ವ, ಗುಳಿಗೆ ಯಾಕೆ?"

ಈ ಮಾತಿಗೆ ಮನಃಶಾಸ್ತ್ರದಲ್ಲಿ ಒಂದು ಹೆಸರಿದೆ ಅಂತ ನನಗೆ ಹೇಳಿದ್ದು ನನ್ನ ಮಗಳು. ಅವಳು ಮೈಸೂರಿನಲ್ಲಿ ಮನಃಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಳು. ಆ ವಿಷಯ ತಗೊಂಡಾಗ ಮನೆಯಲ್ಲಿ "ಅದನ್ನ ಓದಿ ಏನ್ ಮಾಡ್ತೀಯ" ಅಂದವರೇ ಜಾಸ್ತಿ. ಮೈಸೂರಿನಲ್ಲಿ ಈ ವಿಭಾಗ ಶುರುವಾಗಿ ನೂರು ವರ್ಷವಾಯಿತು, 1924ರಲ್ಲಿ ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದವರು ಅಂತ ಅವಳು ಎಲ್ಲರ ಬಾಯಿ ಮುಚ್ಚಿಸಿದ್ದಳು. ಅಜ್ಜನ ಮಾತು ಫೋನಿನಲ್ಲಿ ಹೇಳಿದಾಗ ಅವಳು ನಕ್ಕು, "ಅಮ್ಮಾ, ಇದು ಅಜ್ಜನ ಮೊಂಡುತನ ಅಲ್ಲ. ಇದರ ಮೇಲೆ ನಲವತ್ತು ವರ್ಷದ ಹಿಂದೆಯೇ ಸಂಶೋಧನೆ ಆಗಿದೆ" ಅಂದಳು.

ಅಮೆರಿಕದ ಹೋವರ್ಡ್ ಲೆವೆಂಥಾಲ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬಿಪಿ ಇರುವವರನ್ನು ಕೂರಿಸಿಕೊಂಡು, ನಿಮ್ಮ ಕಾಯಿಲೆ ಬಗ್ಗೆ ನೀವು ಏನಂದುಕೊಂಡಿದ್ದೀರಿ ಅಂತ ವಿಚಾರಿಸಿದರು. ಬಿಪಿ ಏರಿದ್ದು ಮನುಷ್ಯನಿಗೆ ಗೊತ್ತಾಗಲ್ಲ ಅಂತ ಬಹಳ ಜನ ಒಪ್ಪಿದರು. ಆದರೆ ತಮ್ಮ ವಿಷಯ ಬಂದಾಗ ಮಾತ್ರ, "ನನಗೆ ಗೊತ್ತಾಗುತ್ತೆ, ಮುಖ ಬಿಸಿಯಾಗುತ್ತೆ, ತಲೆ ನೋಯುತ್ತೆ" ಅಂದರು! ಗುಳಿಗೆಯಿಂದ ಆ ಲಕ್ಷಣ ಕಡಿಮೆಯಾಗುತ್ತೆ ಅಂತ ನಂಬಿದವರು ಸರಿಯಾಗಿ ನುಂಗುತ್ತಿದ್ದರು. ಜ್ವರದ ಹಾಗೆ ಬಂದು ಹೋಗುವ ಕಾಯಿಲೆ ಇದು ಅಂದುಕೊಂಡವರು ಚಿಕಿತ್ಸೆ ಬಿಟ್ಟುಬಿಡುವುದು ಹೆಚ್ಚು. ಅಂದರೆ ಪ್ರತಿಯೊಬ್ಬರ ತಲೆಯಲ್ಲೂ ಕಾಯಿಲೆಯ ಒಂದು ಚಿತ್ರ ಇರುತ್ತೆ. ಡಾಕ್ಟರು ಹೇಳಿದ್ದು ಕಿವಿಗೆ ಬೀಳುತ್ತೆ, ಕೈ ಮಾತ್ರ ಆ ಚಿತ್ರದ ಮಾತು ಕೇಳುತ್ತೆ.

ಇದನ್ನು ಕೇಳಿದ ಮೇಲೆ ನಮ್ಮ ಗಿರಾಕಿಗಳ ಮಾತೆಲ್ಲ ಬೇರೆ ಥರ ಕೇಳಿಸತೊಡಗಿತು. "ತಲೆ ತಿರುಗಿದಾಗ ಒಂದ್ ಹಾಕ್ಕೊಂತೀನಿ ಅಕ್ಕಾ" ಅನ್ನುವ ಹೂವಿನವರು. "ಒಂದ್ಸಲ ಶುರು ಮಾಡಿದ್ರೆ ಸಾಯೋತನಕ ಬಿಡಂಗಿಲ್ವಂತೆ, ಅದ್ಕೇ ಶುರುನೇ ಮಾಡಿಲ್ಲ" ಅನ್ನುವ ಆಟೋದವರು. "ಗುಳಿಗೆ ಹೀಟು, ಬ್ಯಾಸಿಗ್ಯಾಗ ಬ್ಯಾಡ" ಅನ್ನುವ ಭಟ್ಟಿಯ ಹಿರಿಯರು. ಇವರ್ಯಾರೂ ದಡ್ಡರಲ್ಲ. ಹಸಿವಾದರೆ ಊಟ, ನೋವಾದರೆ ಔಷಧಿ ಅಂತ ಮೈ ಕಲಿಸಿದ ಪಾಠವನ್ನೇ ನಂಬಿದವರು. ಬಿಪಿ ಆ ಪಾಠದೊಳಗೆ ಕೂರಲ್ಲ, ಅಷ್ಟೆ. ಅದು ಸದ್ದು ಮಾಡಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಜನರಿಗೆ ರಕ್ತದೊತ್ತಡ ಇದೆ. ಮೂರು ಜನರಲ್ಲಿ ಒಬ್ಬರು. ಬಸ್ಸಿನ ಮೂರು ಜನರ ಸೀಟಿನಲ್ಲಿ ಒಬ್ಬರು ಅಂತ ಲೆಕ್ಕ ಹಾಕಿ ನೋಡಿ.

ಹೆದರಿಕೆಯ ಆಯಸ್ಸು ಎಷ್ಟು?

2022ರ ಶ್ರಾವಣದಲ್ಲಿ ನಮ್ಮ ದೊಡ್ಡಪ್ಪನಿಗೆ ಲಕ್ವಾ ಹೊಡೆಯಿತು. ಅಪ್ಪಾಜಿಗಿಂತ ನಾಲ್ಕು ವರ್ಷ ದೊಡ್ಡವರು. ಬೆಳಗ್ಗೆ ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋದವರು ಅಲ್ಲೇ ಕುಸಿದಿದ್ದರು. ಎಡಗಡೆಯ ಕೈಕಾಲು ಸ್ವಾಧೀನ ತಪ್ಪಿ, ಮಾತು ತೊದಲತೊಡಗಿತು. ಅವರೂ ಬಿಪಿ ಗುಳಿಗೆಯನ್ನು "ಚೆನ್ನಾಗಿದೀನಲ್ಲ" ಅಂತಲೇ ಬಿಟ್ಟವರು.

ಆಸ್ಪತ್ರೆಯಿಂದ ಬಂದ ದಿನವೇ ಅಪ್ಪಾಜಿ ನನಗೆ ಫೋನ್ ಮಾಡಿ, "ಆ ಗುಳಿಗೆ ಒಂದ್ ತಿಂಗಳದ್ದು ತಗಂಡ್ ಬಾರವ್ವ" ಅಂದರು. ದಿನವೂ ನುಂಗಿದರು. ನಾವೆಲ್ಲ ಸದ್ಯ ಬುದ್ಧಿ ಬಂತಲ್ಲ ಅಂದುಕೊಂಡೆವು. ದಸರಾ ಹೊತ್ತಿಗೆ ದಿನ ಬಿಟ್ಟು ದಿನ ಆಯಿತು. ದೀಪಾವಳಿಗೆ ನಾನು ಹೋದಾಗ ಸ್ಟ್ರಿಪ್ಪು ದೇವರ ಮನೆಯ ಗೂಡಿನಲ್ಲಿ ಧೂಳು ಹಿಡಿದು ಕೂತಿತ್ತು. ದೊಡ್ಡಪ್ಪ ಅದೇ ಬೀದಿಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ಅಪ್ಪಾಜಿ ದಿನಾ ಹೋಗಿ ಅವರನ್ನು ಮಾತಾಡಿಸಿ ಬರುತ್ತಿದ್ದರು. ಕಣ್ಣೆದುರಿಗೆ ಕಾಯಿಲೆ ಇದ್ದರೂ ಗುಳಿಗೆ ಗೂಡಿನಲ್ಲೇ.

ತಮ್ಮ ರೇಗಿದ. ಅವ್ವ ಅತ್ತಳು. ಅಪ್ಪಾಜಿ ಎದ್ದು ಹೊರಗೆ ಹೋದರು.

ಹೆದರಿಕೆಗೆ ಆಯಸ್ಸು ಕಡಿಮೆ ಅಂತ ತೋರಿಸಿದ ಒಂದು ಹಳೇ ಪ್ರಯೋಗ ಇದೆ. ಅದೂ ಇದೇ ಲೆವೆಂಥಾಲ್ ಅವರದ್ದೇ. 1965ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಲಸಿಕೆ ಹಾಕಿಸಿಕೊಳ್ಳಿ ಅಂತ ಪುಸ್ತಿಕೆ ಹಂಚಿದರು. ಕೆಲವರಿಗೆ ಮೈ ನಡುಗಿಸುವಂಥ ಪುಸ್ತಿಕೆ, ಕೆಲವರಿಗೆ ಸೌಮ್ಯವಾದದ್ದು. ಹೆದರಿದವರು "ಖಂಡಿತ ಹಾಕಿಸಿಕೊಳ್ತೀವಿ" ಅಂದರು. ಆದರೆ ಹಾಕಿಸಿಕೊಂಡವರ ಸಂಖ್ಯೆಯಲ್ಲಿ ಹೆದರಿಕೆಯಿಂದ ಅಂಥ ವ್ಯತ್ಯಾಸ ಬರಲಿಲ್ಲ. ವ್ಯತ್ಯಾಸ ತಂದದ್ದು ಬೇರೆ. ಕೆಲವರ ಪುಸ್ತಿಕೆಯಲ್ಲಿ ಆರೋಗ್ಯ ಕೇಂದ್ರ ಗುರುತು ಮಾಡಿದ ಕ್ಯಾಂಪಸ್ಸಿನ ನಕ್ಷೆ ಇತ್ತು. ನಿಮ್ಮ ವಾರದ ವೇಳಾಪಟ್ಟಿ ನೋಡಿ, ಯಾವ ಹೊತ್ತಿಗೆ ಆ ಕಡೆ ಹೋಗ್ತೀರಿ ಯೋಚಿಸಿ ಅಂತ ಬರೆದಿತ್ತು. ಹಾಗೆ ದಾರಿ ತೋರಿಸಿದವರಲ್ಲಿ ನೂರಕ್ಕೆ ಸುಮಾರು 28 ಜನ ಹೋಗಿ ಲಸಿಕೆ ಹಾಕಿಸಿಕೊಂಡರು. ದಾರಿ ತೋರಿಸದವರಲ್ಲಿ ನೂರಕ್ಕೆ ಮೂರೇ ಜನ. ತಮಾಷೆ ಏನೆಂದರೆ ಅವರೆಲ್ಲ ಕೊನೇ ವರ್ಷದ ವಿದ್ಯಾರ್ಥಿಗಳು. ಆ ಕೇಂದ್ರ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ!

ನಮ್ಮ ಬೀದಿಯಲ್ಲೇ ಇದರ ಉದಾಹರಣೆ ಇದೆ. ತಂಬಾಕು ಪೊಟ್ಟಣದ ಮೇಲೆ 2016ರ ಏಪ್ರಿಲ್‌ನಿಂದ ಶೇ. 85 ಜಾಗದಲ್ಲಿ ಹುಣ್ಣಾದ ಬಾಯಿಯ ಚಿತ್ರ, ಎಚ್ಚರಿಕೆ ಬರುತ್ತಿದೆ. ನೋಡಿದರೆ ಊಟ ಸೇರಲ್ಲ. ಆದರೂ ಪೊಟ್ಟಣವನ್ನು ಅಂಗೈಯಲ್ಲಿ ತಿರುಗಿಸಿ ಹಿಡಿದು ಹರಿಯೋದನ್ನು ಜನ ಕಲಿತುಬಿಟ್ಟಿದ್ದಾರೆ. 2018ರ ಸೆಪ್ಟೆಂಬರಿನಿಂದ ಅದೇ ಪೊಟ್ಟಣದ ಮೇಲೆ ತಂಬಾಕು ಬಿಡಲು ಸಹಾಯ ಮಾಡುವ ಉಚಿತ ದೂರವಾಣಿ ಸಂಖ್ಯೆಯೂ ಬಂತು, 1800-11-2356. ಮಗಳು ಅದನ್ನು ತೋರಿಸಿ, "ನೋಡಮ್ಮ, ಚಿತ್ರ ಹೆದರಿಕೆ, ನಂಬರು ನಕ್ಷೆ" ಅಂದಳು. ಹೆದರಿಸಿದ ಮೇಲೆ ದಾರಿ ತೋರಿಸದೇ ಹೋದರೆ ಮನುಷ್ಯ ಹೆದರಿಕೆಯನ್ನೇ ಮರೆಯುವ ದಾರಿ ಹುಡುಕುತ್ತಾನೆ.

ಕನ್ನಡಕದ ಡಬ್ಬಿ

2023ರ ಸಂಕ್ರಾಂತಿಗೆ ಮಗಳು ಊರಿಗೆ ಬಂದಳು. ಎಳ್ಳು-ಬೆಲ್ಲ ಕೊಡೋ ನೆಪದಲ್ಲಿ ಹರಿಹರಕ್ಕೆ ಹೋದೆವು. ಬಸ್ಸಿನಲ್ಲೇ ಅವಳು ನನಗೊಂದು ಷರತ್ತು ಹಾಕಿದಳು: "ಇವತ್ತು ಯಾರೂ ಅಜ್ಜನಿಗೆ ಉಪದೇಶ ಮಾಡಂಗಿಲ್ಲ." ಕಾರಣವನ್ನೂ ಹೇಳಿದಳು. ಮನುಷ್ಯನ ಸ್ವಾತಂತ್ರ್ಯಕ್ಕೆ ಕೈ ಹಾಕಿದ ಕೂಡಲೇ ಅವನು ಸೆಟೆದು ನಿಲ್ತಾನೆ, ಬೇಡ ಅಂದದ್ದನ್ನೇ ಮಾಡಬೇಕು ಅನ್ನಿಸುತ್ತೆ ಅಂತ 1966ರಲ್ಲೇ ಜ್ಯಾಕ್ ಬ್ರೆಹ್ಮ್ ಅನ್ನೋರು ಬರೆದಿದ್ದಾರಂತೆ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಇದಕ್ಕೆ ಉತ್ತರವಾಗಿ ಬೇರೆ ರೀತಿಯ ಮಾತುಕತೆ ಶುರು ಮಾಡಿದರಂತೆ. ಅಲ್ಲಿ ವಾದ ಇಲ್ಲ, ಪ್ರಶ್ನೆ ಮಾತ್ರ. ಬದಲಾಗೋ ಮಾತು ಡಾಕ್ಟರ ಬಾಯಿಂದಲ್ಲ, ಬದಲಾಗಬೇಕಾದವರ ಬಾಯಿಂದಲೇ ಬರಬೇಕು.

ಊಟವಾದ ಮೇಲೆ ಅಜ್ಜ-ಮೊಮ್ಮಗಳು ಜಗಲಿ ಮೇಲೆ ಕೂತರು. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕಿವಿಯನ್ನು ಅಲ್ಲೇ ಇಟ್ಟಿದ್ದೆ.

"ಅಜ್ಜಾ, ಬೆಳಗ್ಗೆ ಎದ್ದ ಮೇಲೆ ನೀನು ಒಂದಿನಾನೂ ತಪ್ಪಿಸದೇ ಮಾಡೋ ಕೆಲಸ ಯಾವುದು?"

"ಹೊಳೆ ಕಡೆ ಹೋಗೋದು."

"ಮಳೆ ಬಂದ್ರೆ?"

"ಮಳೆ ಬಂದ್ರೆ ಇಲ್ಲ. ಪೇಪರ್ ಓದೋದಂತೂ ತಪ್ಸಲ್ಲ."

"ಪೇಪರ್ ಓದೋಕೆ ಮುಂಚೆ?"

"ಕನ್ನಡಕ ಹುಡುಕೋದು!" ಅಂತ ಅಪ್ಪಾಜಿ ಜೋರಾಗಿ ನಕ್ಕರು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅವಳು ಕೇಳಿದಳು, "ಅಜ್ಜಾ, ಆ ಗುಳಿಗೆ ದೇವರ ಗೂಡಿನಲ್ಲಿದ್ರೆ ನಿನಗೆ ನೆನಪಾಗುತ್ತಾ?"

"ಎಲ್ಲಿ ನೆನಪಾಗ್ತೈತೆ... ಕನ್ನಡಕದ ಡಬ್ಬಿ ಒಳಗೆ ಇಡು ಅದನ್ನ. ಮೇಲೆ ಗುಳಿಗೆ, ಕೆಳಗೆ ಕನ್ನಡಕ."

ಅವರೇ ಹೇಳಿದ್ದು. ನಾವು ಹೇಳಿದ್ದಲ್ಲ. ಸ್ಟ್ರಿಪ್ಪನ್ನು ಕತ್ತರಿಯಿಂದ ಎರಡೆರಡು ಗುಳಿಗೆಯ ತುಂಡು ಮಾಡಿ, ಒಂದು ತುಂಡನ್ನು ಡಬ್ಬಿಯೊಳಗೆ ಇಟ್ಟೆವು. "ಕನ್ನಡಕ ತೆಗೆದ ಕೂಡಲೇ, ಹಾಕಿಕೊಳ್ಳೋ ಮುಂಚೆ, ಚಹಾದ ಪಕ್ಕದಲ್ಲಿರೋ ನೀರಿನ ಲೋಟದಿಂದ" ಅಂತ ಅಪ್ಪಾಜಿಯೇ ಬಾಯಿಬಿಟ್ಟು ಹೇಳಿ ತೀರ್ಮಾನ ಮಾಡಿದರು.

ನೋಡೋಕೆ ಇದು ಮಕ್ಕಳಾಟದ ಹಾಗಿದೆ. ಆದರೆ ಇದರ ಹಿಂದೆ ದೊಡ್ಡ ಕೆಲಸವೇ ಆಗಿದೆ. ಜರ್ಮನಿಯ ಪೀಟರ್ ಗೊಲ್ವಿಟ್ಜರ್ ಎಂಬ ಮನಃಶಾಸ್ತ್ರಜ್ಞ "ಮಾಡ್ತೀನಿ" ಅನ್ನೋ ಸಂಕಲ್ಪಕ್ಕೂ, "ಇಂಥ ಹೊತ್ತಿನಲ್ಲಿ, ಇಂಥ ಕಡೆ, ಇದಾದ ಕೂಡಲೇ ಮಾಡ್ತೀನಿ" ಅನ್ನೋ ಯೋಜನೆಗೂ ವ್ಯತ್ಯಾಸ ಇದೆ ಅಂತ ತೋರಿಸಿದರು. ಎರಡನೆಯದರಲ್ಲಿ ನೆನಪಿಡುವ ಕೆಲಸ ನಮ್ಮದಲ್ಲ, ಆ ಹೊತ್ತಿನದ್ದು, ಆ ವಸ್ತುವಿನದ್ದು. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ ಇಂಥ 94 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ಇಷ್ಟು ಚಿಕ್ಕ ಉಪಾಯಕ್ಕೆ ಗಟ್ಟಿಯಾದ ಪರಿಣಾಮವೇ ಕಂಡಿತು. ಗುಳಿಗೆಯ ವಿಷಯದಲ್ಲೇ ಹೇಳಬೇಕೆಂದರೆ, 2009ರಲ್ಲಿ ಇಂಗ್ಲೆಂಡಿನಲ್ಲಿ ಮೂರ್ಛೆರೋಗದ 69 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಎಲ್ಲಿ, ಯಾವಾಗ, ಯಾವ ಕೆಲಸದ ಜೊತೆ ಗುಳಿಗೆ ತಗೊಳ್ತೀರಿ ಅಂತ ಒಂದು ಹಾಳೆ ತುಂಬಿಸಿದ್ದರು, ಅಷ್ಟೆ. ಮುಚ್ಚಳ ತೆಗೆದಾಗಲೆಲ್ಲ ಲೆಕ್ಕ ಬರೆದುಕೊಳ್ಳುವ ಬಾಟಲಿಯಿಂದ ಒಂದು ತಿಂಗಳು ಅಳೆದರು. ಹಾಳೆ ತುಂಬಿದವರು ನೂರರಲ್ಲಿ 93ಕ್ಕೂ ಹೆಚ್ಚು ಡೋಸ್ ತಗೊಂಡಿದ್ದರು. ಉಳಿದವರು ಸುಮಾರು 79.

ಸಂಕ್ರಾಂತಿಯಿಂದ ಯುಗಾದಿವರೆಗೆ

"ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತೆ" ಅಂತ ವಾಟ್ಸಾಪಿನಲ್ಲಿ ನೀವೂ ಓದಿರುತ್ತೀರಿ. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆ ಇದೆ. ತಿಂಡಿಯಾದ ಮೇಲೆ ಒಂದು ಲೋಟ ನೀರು ಕುಡಿಯೋದು, ಊಟಕ್ಕೆ ಮುಂಚೆ ನಡೆಯೋದು, ಹೀಗೆ ಒಬ್ಬೊಬ್ಬರು ಒಂದೊಂದು ಕೆಲಸ ಆರಿಸಿಕೊಂಡಿದ್ದರು. ಯೋಚನೆಯಿಲ್ಲದೆ ತಾನೇ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ನಡುಮಧ್ಯದ ಲೆಕ್ಕದಲ್ಲಿ 66 ದಿನ. ಕೆಲವರಿಗೆ 18, ಕೆಲವರಿಗೆ 254! ಸುಲಭದ ಕೆಲಸ ಬೇಗ, ಕಷ್ಟದ್ದು ನಿಧಾನ. ಇನ್ನೊಂದು ಸಮಾಧಾನದ ಮಾತೂ ಅದರಲ್ಲಿತ್ತು: ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಬಿದ್ದುಹೋಗಲ್ಲ.

ಆ ವರ್ಷ ಸಂಕ್ರಾಂತಿ ಜನವರಿ 15ಕ್ಕೆ, ಯುಗಾದಿ ಮಾರ್ಚ್ 22ಕ್ಕೆ. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಸರಿಯಾಗಿ 66 ದಿನ. ಎಳ್ಳು-ಬೆಲ್ಲದಿಂದ ಬೇವು-ಬೆಲ್ಲದವರೆಗೆ ಅಂತ ನಾವು ಲೆಕ್ಕ ಇಟ್ಟುಕೊಂಡೆವು.

ಫೆಬ್ರವರಿಯಲ್ಲಿ ರಾಣೆಬೆನ್ನೂರಿನಲ್ಲಿ ಮದುವೆ ಬಂತು. ಎರಡು ದಿನ ಅಪ್ಪಾಜಿ ಕನ್ನಡಕವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಡಬ್ಬಿ ಮನೆಯಲ್ಲೇ ಬಿಟ್ಟಿದ್ದರು. ಮೂರನೇ ದಿನ ಫೋನು: "ಮೂರೂ ಒಟ್ಟಿಗೆ ನುಂಗ್ಲೇನು?" ಬೇಡವೇ ಬೇಡ ಅಂದೆ. ಓದುಗರಿಗೂ ಇದನ್ನೇ ಹೇಳ್ತೀನಿ, ತಪ್ಪಿದ ದಿನದ ಗುಳಿಗೆಯನ್ನು ಮಾರನೇ ದಿನ ಸೇರಿಸಿ ನುಂಗಬೇಡಿ. ಇವತ್ತಿನದು ಇವತ್ತು. ಯುಗಾದಿ ಹಬ್ಬದ ದಿನ ಹೋದಾಗ ಬಿಪಿ ನೋಡಿದೆ, 138ಕ್ಕೆ 84. ಅಪ್ಪಾಜಿ ಮಿಷನ್ನಿನ ಅಂಕಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

ಆ ಅಂಕಿಯೂ ಒಂದು ಪಾಠ. ಮೈಗೆ ಗೊತ್ತಾಗದ ಕಾಯಿಲೆಗೆ ಕಣ್ಣಿಗೆ ಕಾಣುವ ಗುರುತು ಬೇಕು. ಈಗ ಅಪ್ಪಾಜಿ ಹದಿನೈದು ದಿನಕ್ಕೊಮ್ಮೆ ನೋಡಿಸಿಕೊಂಡು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುತ್ತಾರೆ, ಹಾಲಿನ ಲೆಕ್ಕದ ಪಕ್ಕದಲ್ಲಿ. "ಚೆನ್ನಾಗಿದೀನಲ್ಲ" ಅನ್ನೋ ಮಾತು ಹೋಗಿಲ್ಲ. ಅದರ ಮುಂದೆ "ಗುಳಿಗೆಯಿಂದ" ಅನ್ನೋದು ಸೇರಿಕೊಂಡಿದೆ.

ಉಪ್ಪಿನ ಬಟ್ಟಲು ಎದ್ದು ಹೋಯಿತು

ಉಪ್ಪಿನ ವಿಷಯ ಅವ್ವನದ್ದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ಕಡೆ ಊಟದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಜೆಗೆ ಮಿರ್ಚಿ-ಮಂಡಕ್ಕಿ. ಇಷ್ಟೂ ಸೇರಿದರೆ ಚಮಚ ಎಲ್ಲಿ ಉಳಿಯುತ್ತೆ? ಮಂಡಕ್ಕಿ ಬಿಡಿ ಅಂದರೆ ದಾವಣಗೆರೆ ಸೀಮೆಯಲ್ಲಿ ಯಾರು ಕೇಳ್ತಾರೆ, ನಾನೇ ಕೇಳಲ್ಲ.

ಅವ್ವ ಬಿಡಿಸೋ ಗೋಜಿಗೆ ಹೋಗಲಿಲ್ಲ. ಊಟಕ್ಕೆ ಕೂರುವಲ್ಲಿ ಕೈಗೆಟುಕುವಂತೆ ಇರುತ್ತಿದ್ದ ಉಪ್ಪಿನ ಬಟ್ಟಲನ್ನೂ ಉಪ್ಪಿನಕಾಯಿ ಭರಣಿಯನ್ನೂ ಅಡುಗೆಮನೆಯ ಅಟ್ಟದ ಮೇಲಿಟ್ಟಳು, ಅಷ್ಟೆ. ಕೇಳಿದರೆ ಕೊಡುತ್ತಾಳೆ. ಆದರೆ ಕೇಳಬೇಕು, ಅವಳು ಮಂಡಿನೋವಿನಲ್ಲಿ ಎದ್ದು ಹೋಗಬೇಕು, ಅದನ್ನು ನೋಡಬೇಕು. ವಾರದಲ್ಲಿ ಕೇಳೋದು ಕಡಿಮೆಯಾಯಿತು. ಅಭ್ಯಾಸವೆಂದರೆ ಅರ್ಧ ಮನಸ್ಸಿನದು, ಅರ್ಧ ಕೈಗೆ ಸಿಗೋದರದ್ದು. ಒಳ್ಳೆಯದನ್ನು ಹತ್ತಿರ ಇಡೋದು, ಬೇಡದ್ದನ್ನು ನಾಲ್ಕು ಹೆಜ್ಜೆ ದೂರ ಇಡೋದು ಎಷ್ಟೋ ಉಪದೇಶಕ್ಕಿಂತ ಕೆಲಸ ಮಾಡುತ್ತೆ. ಅವ್ವ ಯಾವ ಪುಸ್ತಕವನ್ನೂ ಓದಿರಲಿಲ್ಲ.

ಇನ್ನು ಅಪ್ಪಾಜಿಯ ಎಲೆ-ಅಡಿಕೆ, ಅದರೊಳಗಿನ ತಂಬಾಕು. ಅದು ಅಷ್ಟು ಸುಲಭವಾಗಿ ಬಗ್ಗಿಲ್ಲ. ಮಗಳು ಅದೇ ಧಾಟಿಯಲ್ಲಿ ಕೇಳಿದ್ದಳು, "ಬಿಡಬೇಕು ಅನ್ನೋ ಮನಸ್ಸು ಹತ್ತಕ್ಕೆ ಎಷ್ಟಿದೆ ಅಜ್ಜ?" "ಮೂರು" ಅಂದರು. ಬರೀ ಮೂರಾ ಅಂತ ನಾವು ಕೇಳ್ತಿದ್ದೆವು. ಅವಳು ಕೇಳಿದ್ದು, "ಒಂದು ಯಾಕಲ್ಲ?" ಆಗ ಹೊರಬಿತ್ತು: "ಈಗೀಗ ಖಾರ ತಿಂದ್ರೆ ಬಾಯಿ ಉರಿತೈತೆ." ಈ ಮಾತನ್ನು ಅವರು ಅವ್ವನಿಗೂ ಹೇಳಿರಲಿಲ್ಲ. ಬಾಯಿ ಉರಿಯನ್ನು ಹಗುರವಾಗಿ ತಗೊಳ್ಳಬಾರದು ಅಂತ ನನ್ನ ಕೆಲಸ ನನಗೆ ಕಲಿಸಿದೆ. ಅದೇ ವಾರ ದಾವಣಗೆರೆಗೆ ಕರೆತಂದು ದಂತವೈದ್ಯರಿಗೆ ಬಾಯಿ ತೋರಿಸಿದೆವು. ಸದ್ಯ ದೊಡ್ಡದೇನೂ ಇರಲಿಲ್ಲ, ಆದರೆ ಆರು ತಿಂಗಳಿಗೊಮ್ಮೆ ತೋರಿಸಬೇಕು, ತಂಬಾಕು ಬಿಡಲೇಬೇಕು ಅಂದಿದ್ದಾರೆ. ಈಗ ದಿನಕ್ಕೆ ಎರಡಕ್ಕೆ ಇಳಿದಿದೆ. ಆ ಎರಡರ ಮೇಲೆ ಮಾತುಕತೆ ನಡೀತಾ ಇದೆ.

ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ

ಇಲ್ಲಿ ಒಂದು ಮಾತು ಹೇಳಲೇಬೇಕು. ಗುಳಿಗೆ ನುಂಗದವರೆಲ್ಲ ಮರೆತವರಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ರೋಗಿಯನ್ನೊಬ್ಬನನ್ನೇ ದೂರಬೇಡಿ ಅನ್ನೋದೂ ಅದೇ ವರದಿಯ ಮಾತು. ನಮ್ಮ ಅಂಗಡಿಗೆ ಬರುವ ಒಬ್ಬ ಅಜ್ಜಿಗೆ ಗುಳಿಗೆಯಿಂದ ಪಾದ ಊದಿಕೊಳ್ಳುತ್ತಿತ್ತು. ಬಿಪಿಯ ಕೆಲವು ಗುಳಿಗೆಗಳಿಂದ ಹಾಗಾಗುತ್ತೆ. ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಅಜ್ಜಿ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದರು. ಹೇಳಿದ ಮೇಲೆ ಡಾಕ್ಟರು ಬೈಯಲಿಲ್ಲ, ಗುಳಿಗೆ ಬದಲಿಸಿಕೊಟ್ಟರು. ಇನ್ನೊಬ್ಬರಿಗೆ ತಿಂಗಳ ಕೊನೆಗೆ ದುಡ್ಡು ಸಾಲುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕನ್ನಡಕದ ಡಬ್ಬಿಯಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಉಚಿತವಾಗಿ ಸಿಗುತ್ತೆ ಅನ್ನೋ ಸುದ್ದಿ, ಮತ್ತು ಅಲ್ಲಿಗೆ ಹೋಗಿ ಬರಲು ಅರ್ಧ ದಿನದ ಬಿಡುವು. ಯಾಕೆ ನುಂಗ್ತಿಲ್ಲ ಅಂತ ಬೈಯೋ ಮುಂಚೆ, ಯಾಕೆ ಅಂತ ನಿಜವಾಗಿ ಕೇಳಬೇಕು ಅನ್ನೋದು ಇದಕ್ಕೇ.

ಅಂಗಡಿಯಲ್ಲಿ ಈಗ ಒಂದು ಸಣ್ಣ ಪದ್ಧತಿ ಮಾಡಿಕೊಂಡಿದ್ದೇವೆ. ಗುಳಿಗೆ ಹಾಕುವ ಕವರಿನ ಮೇಲೆ ಮೊದಲು 1-0-0 ಅಂತ ಬರೆಯುತ್ತಿದ್ದೆವು. ಈಗ ಅದರ ಕೆಳಗೆ ಇನ್ನೊಂದು ಸಾಲು. "ದಿನಾ ಬೆಳಗ್ಗೆ ತಪ್ಪದೇ ಏನ್ ಮಾಡ್ತೀರಿ?" ಅಂತ ಕೇಳಿ, ಅವರು ಹೇಳಿದ್ದನ್ನೇ ಬರೀತೀವಿ. ಡಾಕ್ಟರು ಹೇಳಿದ ಹೊತ್ತು ಬದಲಾಗಬಾರದು, ಅದರೊಳಗೇ ಒಂದು ಕೆಲಸ ಹುಡುಕಬೇಕು. ಉತ್ತರ ಕೇಳೋದೇ ಒಂದು ಖುಷಿ. "ಎಮ್ಮೆ ಹಾಲು ಕರೆದ ಮೇಲೆ." "ಆಟೋಗೆ ಊದುಬತ್ತಿ ಹಚ್ಚಿದ ಮೇಲೆ." "ರೊಟ್ಟಿ ಹಂಚು ಇಳಿಸಿದ ಮೇಲೆ." "ಮೊಮ್ಮಗನ್ನ ಸ್ಕೂಲ್ ವ್ಯಾನಿಗೆ ಹತ್ತಿಸಿದ ಮೇಲೆ." ಭಾನುವಾರ ಸ್ಕೂಲ್ ಇಲ್ವಲ್ಲ ಅಂತ ಅವರೇ ನೆನೆಸಿಕೊಂಡು, "ಬ್ಯಾಡ, ತುಳಸಿಗೆ ನೀರು ಹಾಕಿದ ಮೇಲೆ ಅಂತ ಬರೀರಿ" ಅಂತ ತಿದ್ದಿಸಿಕೊಂಡು ಹೋದರು. ಎರಡು ನಿಮಿಷ ಹೆಚ್ಚು ಹಿಡಿಯುತ್ತೆ, ಹಿಂದೆ ನಿಂತ ಗಿರಾಕಿ ಗೊಣಗ್ತಾರೆ. ಆದರೂ ತಿಂಗಳ ತಾರೀಕಿಗೆ ಸರಿಯಾಗಿ ಮತ್ತೆ ಬಂದು ನಿಂತ ಮುಖ ಕಂಡಾಗ ಆ ಗೊಣಗಾಟ ನೆನಪಿರಲ್ಲ.

ನಿಮ್ಮ ಮನೆಯಲ್ಲೂ ಬಿಪಿಯದ್ದೋ ಶುಗರಿನದ್ದೋ ಒಂದು ಸ್ಟ್ರಿಪ್ ಇದ್ದೇ ಇರುತ್ತೆ. ಅದು ಈಗ ಎಲ್ಲಿದೆ, ಫ್ರಿಜ್ಜಿನ ಮೇಲಾ, ಬೀರುವಿನೊಳಗಾ? ಈ ವಾರ ಒಂದು ಕೆಲಸ ಮಾಡಿ. ನುಂಗಿದಿರಾ ಅಂತ ಕೇಳಬೇಡಿ, ದಿನಾ ತಪ್ಪದೇ ಮಾಡೋ ಕೆಲಸ ಯಾವುದು ಅಂತ ಕೇಳಿ. ಬಂದ ಉತ್ತರದ ಪಕ್ಕದಲ್ಲೇ ಆ ಸ್ಟ್ರಿಪ್ಪಿಗೆ ಒಂದು ಜಾಗ ಮಾಡಿಕೊಡಿ. ಯಾವ ಜಾಗ ಸಿಕ್ಕಿತು ಅಂತ ಈ ಅಂಕಣಕ್ಕೆ ಬರೆದರೆ, ನಮ್ಮ ಕವರುಗಳ ಮೇಲೆ ಬರೆಯಲು ನಮಗೂ ನಾಲ್ಕು ಹೊಸ ಸಾಲು ಸಿಗುತ್ತವೆ.